ಒಂದೇ ಉಸಿರಿನ ಉತ್ತರಗಳು

ಶಾಲೆಯಲ್ಲಿ ಎಲ್ಲರೂ ಅವಳನ್ನು ದಾರಿ ಮಿಸ್ ಎನ್ನುತ್ತಿದ್ದರು. ಅವಳು ಪಾಠ ಮಾಡುವ ಟೀಚರಲ್ಲ. ಹನ್ನೊಂದನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು, ಮುಂದಿನ ವರ್ಷ ಯಾವ ಯಾವ ಕಾಲೇಜಿಗೆ ಅರ್ಜಿ ಹಾಕಬಹುದು, ಅರ್ಜಿಯಲ್ಲಿ ತಮ್ಮ ಬಗ್ಗೆ ಏನು ಬರೆದುಕೊಳ್ಳಬೇಕು, ಸಂದರ್ಶನಕ್ಕೆ ಕರೆದರೆ ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಎಂದು ತಿದ್ದಿ ತೀಡುವುದು ಅವಳ ಕೆಲಸ. ಮೆಟ್ಟಿಲ ಕೆಳಗಿದ್ದ ಆಟದ ಸಾಮಾನಿನ ಕೋಣೆಯನ್ನೇ ಸುಣ್ಣ ಬಳಿದು ಅವಳಿಗೆ ಕೊಟ್ಟಿದ್ದರು. ಸುಣ್ಣ ಬಳಿದರೂ ಹಳೇ ಚೆಂಡುಗಳ ರಬ್ಬರ್ ವಾಸನೆ ಹೋಗಿರಲಿಲ್ಲ. ಗಂಟೆ ಹೊಡೆಯಿತೆಂದರೆ ಇಡೀ ಶಾಲೆ ಅವಳ ತಲೆಯ ಮೇಲೆಯೇ ಧಡಧಡ ಇಳಿದು ಹೋಗುತ್ತಿತ್ತು. ಆ ಸದ್ದು ನಿಲ್ಲುವವರೆಗೆ ಮಾತು ನಿಲ್ಲಿಸಿ, ನಿಂತ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಆ ದಿನ ಅಭ್ಯಾಸದ ಸಂದರ್ಶನಗಳಿದ್ದವು. ಮೊದಲು ಬಂದವಳು ಪಿಸುಮಾತು. ಹುಡುಗಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ, ಅವಳು ಹಾಜರಿ ಹೇಳಿದರೆ ಪಕ್ಕದ ಬೆಂಚಿನವರು ಎದ್ದು ನಿಂತು "ಬಂದಿದ್ದಾಳೆ ಮಿಸ್" ಎಂದು ಸಾಕ್ಷಿ ನುಡಿಯಬೇಕಾಗುತ್ತಿತ್ತು. ಅಂಥ ಹುಡುಗಿ ಆ ದಿನ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟಳು. ಹೊಟ್ಟೆಯವರೆಗೂ ಉಸಿರೆಳೆದುಕೊಂಡು, ಒಂದು ಕ್ಷಣ ತಡೆದು, "ಒಳ್ಳೆಯ ಪ್ರಶ್ನೆ. ಇದನ್ನ ನಾನು ಎರಡು ಕಡೆಯಿಂದ ನೋಡ್ತೀನಿ" ಎಂದು ಶುರು ಮಾಡಿದಳು. ದನಿ ಹಿಂದಿನ ಗೋಡೆಗೆ ಹೋಗಿ ತಾಗಿತು.

ಮಿಸ್‌ಗೆ ಸಂತೋಷವೇ ಆಯಿತು. ಆದರೆ ಆ ಸಂತೋಷ ಮುಂದಿನ ಹುಡುಗ ಬರುವವರೆಗಷ್ಟೇ. ಶಾಲೆಯ ತಂಡಕ್ಕೆ ಗೋಲು ಕಾಯುವ ದಢೂತಿ ಹುಡುಗ ಬಂದು ಕೂತ. ಎರಡೂ ಅಂಗೈ ಮಂಡಿಯ ಮೇಲೆ. ಹೊಟ್ಟೆಯವರೆಗೆ ಉಸಿರು. "ಒಳ್ಳೆಯ ಪ್ರಶ್ನೆ. ಇದನ್ನ ನಾನು ಎರಡು ಕಡೆಯಿಂದ..."

ಮಿಸ್ ಕನ್ನಡಕ ತೆಗೆದು ಒರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಇನ್ನಿಬ್ಬರು ಹಾಗೆಯೇ ಕೂತು, ಹಾಗೆಯೇ ಉಸಿರೆಳೆದು, ಎರಡು ಕಡೆಯಿಂದ ನೋಡಿ ಹೋದರು.

ತಲೆಯಲ್ಲಿ ಹುಳ ಹೊಕ್ಕಿದ್ದು ಆಗ. ಹಿಂದಿನ ವರ್ಷ ಊರಿನ ಇನ್ನೊಂದು ಶಾಲೆಯಲ್ಲಿ ಇಂಥದ್ದೇ ಒಂದು ಪ್ರಕರಣ ನಡೆದಿತ್ತು. ಯಾರೋ ಹೊರಗಿನವನೊಬ್ಬ ಮಕ್ಕಳಿಗೆ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದ. ಮಕ್ಕಳು ಗಿಣಿಗಳ ಹಾಗೆ ಒಪ್ಪಿಸಿದ್ದರು, ಕಾಲೇಜಿನವರು ಆ ಶಾಲೆಯ ಅಷ್ಟೂ ಅರ್ಜಿಗಳನ್ನು ಪಕ್ಕಕ್ಕಿಟ್ಟಿದ್ದರು. ಬುದ್ಧಿವಂತ ಮಕ್ಕಳೂ ಅದರಲ್ಲಿ ಕೊಚ್ಚಿಹೋಗಿದ್ದರು. ತನ್ನ ಮಕ್ಕಳಿಗೆ ಹಾಗಾಗಬಾರದು.

ಸಂಜೆ ಪಿಸುಮಾತನ್ನು ಮತ್ತೆ ಕರೆಸಿದಳು. "ಚೆನ್ನಾಗಿ ಮಾತಾಡಿದೆಯಮ್ಮ. ಯಾರು ಹೇಳಿಕೊಟ್ಟಿದ್ದು?"

ಹುಡುಗಿ ತನ್ನ ಶೂಗಳನ್ನು ನೋಡಿದಳು. ದನಿ ಮತ್ತೆ ಹಳೇ ಅಳತೆಗೆ ಇಳಿದಿತ್ತು. "ಯಾರೂ ಇಲ್ಲ ಮಿಸ್. ಮನೇಲಿ ಕನ್ನಡಿ ಮುಂದೆ..."

"ನಾಲ್ಕು ಜನಕ್ಕೂ ಒಂದೇ ಕನ್ನಡಿನಾ?"

ಹುಡುಗಿ ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಹೋಗ್ಲಾ ಮಿಸ್? ನನ್ನ ಟ್ರೈನಿಗೆ ಹೊತ್ತಾಯ್ತು" ಎಂದು ಬ್ಯಾಗು ಎತ್ತಿಕೊಂಡು ಓಡಿದಳು.

ಮಿಸ್ ಮನೆಗೆ ಹೋದವಳು ಚಪ್ಪಲಿ ಬಿಡುವ ಮುಂಚೆಯೇ ಗಂಡನಿಗೆ ವರದಿ ಒಪ್ಪಿಸಿದಳು. ಅದು ಆ ಮನೆಯ ಪದ್ಧತಿ. ಗಂಡ ಬಹಳ ವರ್ಷ ರೇಡಿಯೋದಲ್ಲಿ ಸುದ್ದಿ ಓದಿದವರು. ಸುದ್ದಿ ಓದಲು ಯಂತ್ರವೇ ಸಾಕು ಎಂದು ಸ್ಟೇಷನ್ನಿನವರು ತೀರ್ಮಾನಿಸಿದ ಮೇಲೆ ಮನೆಯಲ್ಲಿದ್ದರು. ಊರಿಗೆಲ್ಲ ಕೇಳಿಸುತ್ತಿದ್ದ ಕಂಠ ಈಗ ಹಾಲಿನವನ ಹತ್ತಿರ ಎರಡು ಮಾತು, ಹೆಂಡತಿಯ ಹತ್ತಿರ ನಾಲ್ಕು ಹೂಂ, ಅಷ್ಟಕ್ಕೇ ಮುಗಿಯುತ್ತಿತ್ತು. ಆ ಮೌನ ಮಿಸ್‌ಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ರಾತ್ರಿ ಊಟಕ್ಕೆ ಕೂತಾಗ ಶಾಲೆಯ ಮಕ್ಕಳ ಕಥೆಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿಯುತ್ತಿದ್ದಳು. ಯಾವ ಹುಡುಗಿಗೆ ಯಾವ ಕಾಲೇಜಿನ ಹುಚ್ಚು, ಯಾರ ಅಪ್ಪ ಮಗನ ಅರ್ಜಿಯನ್ನು ತಾನೇ ಬರೆಯಲು ಹೊರಟಿದ್ದಾನೆ, ಯಾರು ಅತ್ತರು, ಯಾಕೆ ಅತ್ತರು. ಅವರು ಕೇಳುತ್ತಿದ್ದರು. ಗೈರು ಎಂಬ ಹುಡುಗನ ಕಥೆ ಹೇಳಿದ ದಿನವಂತೂ ಇಬ್ಬರೂ ಊಟ ಬಿಟ್ಟು ಸುಮ್ಮನೆ ಕೂತಿದ್ದರು.

ಗೈರು ಎಂದರೆ ಗೈರುಹಾಜರಿ. ಹತ್ತನೆಯ ತರಗತಿಯಲ್ಲಿ ಅರ್ಧ ವರ್ಷ ಶಾಲೆಗೇ ಬಂದಿರದ ಹುಡುಗನಿಗೆ ಟೀಚರುಗಳು ಇಟ್ಟ ಹೆಸರು. ಕಾಲೇಜಿನವರು ಅದನ್ನು ಕೇಳಿಯೇ ಕೇಳುತ್ತಾರೆ, ನನಗಾದರೂ ಕಾರಣ ಹೇಳು ಎಂದು ಮಿಸ್ ವಾರಗಟ್ಟಲೆ ಬೆನ್ನು ಹತ್ತಿದ್ದಳು. ಕೊನೆಗೊಂದು ದಿನ ಅವನು ಬಾಗಿಲು ಹಾಕಿ ಬಂದು ಕೂತ. "ಯಾರಿಗೂ ಹೇಳಲ್ಲ ತಾನೇ?" "ಇಲ್ಲಪ್ಪ." ಆಮೇಲೆ ಹೇಳಿದ. ಅವನ ಅಮ್ಮ ಕೋಣೆಯಿಂದ ಹೊರಗೆ ಬರುವುದಿಲ್ಲ. ಅಡುಗೆ ಇವನದೇ. ತಟ್ಟೆಯನ್ನು ಅಮ್ಮನ ಬಾಗಿಲ ಹತ್ತಿರ ಇಡುತ್ತಾನೆ. "ತಟ್ಟೆ ಖಾಲಿಯಾಗಿದ್ರೆ ಆ ದಿನ ಸ್ಕೂಲಿಗೆ ಬರ್ತೀನಿ ಮಿಸ್. ಇಲ್ಲದಿದ್ರೆ ಬರಲ್ಲ" ಎಂದಿದ್ದ, ಬಸ್ಸಿನ ವೇಳೆ ಹೇಳುವವನ ಹಾಗೆ.

ಈಗ ಮಿಸ್ ಆ ದಿನದ ವರದಿ ಮುಗಿಸಿ, "ಯಾರೋ ಹೊರಗಿನವರು ಕೈ ಹಾಕಿದ್ದಾರೆ ರೀ. ನನ್ನ ಮಕ್ಕಳನ್ನೆಲ್ಲ ಒಂದೇ ಅಚ್ಚಿಗೆ ಒತ್ತುತಾ ಇದ್ದಾರೆ" ಎಂದಳು.

ಬಟಾಣಿ ಸುಲಿಯುತ್ತಿದ್ದ ಗಂಡ ತಲೆ ಎತ್ತಲಿಲ್ಲ. "ಇರಲಿ ಬಿಡೇ. ಮಾತೇ ಆಡದ ಹುಡುಗಿ ಮಾತಾಡಿದ್ಲಲ್ಲ. ನಿನಗೇನು ಕಷ್ಟ?"

"ಕಷ್ಟ ನಂಗಲ್ಲ, ಅವಳಿಗೆ."

"ಹೂಂ" ಎಂದರು ಅವರು. ಒಂದು ಬಟಾಣಿ ಕೈಜಾರಿ ನೆಲದ ಮೇಲೆ ಉರುಳಿತು. ಅದನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದರು.

ಅವರ ಮೇಲೂ ಮಿಸ್‌ಗೆ ಸಣ್ಣದೊಂದು ಅನುಮಾನ ಇಲ್ಲದಿರಲಿಲ್ಲ. ಇತ್ತೀಚೆಗೆ ಸಂಜೆ ವಾಕಿಂಗ್ ಎಂದು ಹೊರಟವರು ದೀಪ ಹಚ್ಚಿದ ಮೇಲೂ ಬರುತ್ತಿರಲಿಲ್ಲ. ವಾಕಿಂಗಿಗೆ ಇಸ್ತ್ರಿ ಮಾಡಿದ ಅಂಗಿ ಯಾಕೆ? ಮೊನ್ನೆ ಫೋನು ಬಂದಾಗ ಬಾಲ್ಕನಿಗೆ ಹೋಗಿ ಮಾತಾಡಿ, "ಯಾರೋ ರಾಂಗ್ ನಂಬರ್" ಎಂದಿದ್ದರು. ರಾಂಗ್ ನಂಬರಿನ ಜೊತೆ ಅಷ್ಟುದ್ದ ಮಾತೇ? ಈ ವಯಸ್ಸಿನಲ್ಲಿ ಇನ್ನೇನಿದ್ದೀತು ಎಂದು ಮಿಸ್ ತನ್ನಷ್ಟಕ್ಕೇ ನಕ್ಕಳು. ನಕ್ಕ ಮೇಲೂ, ಬಟ್ಟೆ ಒಗೆಯಲು ಹಾಕುವಾಗ ಆ ಅಂಗಿಯನ್ನು ಮೂಸಿ ನೋಡಿದಳು. ಡೀಸೆಲ್ ವಾಸನೆ. ಅದರಿಂದ ಏನೂ ಬಗೆಹರಿಯಲಿಲ್ಲ.

ಅವಳ ದೊಡ್ಡ ಅನುಮಾನವೆಲ್ಲ ಲೆಕ್ಕದ ಮೇಷ್ಟ್ರ ಮೇಲಿತ್ತು. ಮದುವೆಯಾಗದ ಮನುಷ್ಯ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆ. ಯಾವ ಲೆಕ್ಕವನ್ನೇ ಆಗಲಿ "ಇದನ್ನ ಎರಡು ಕಡೆಯಿಂದಲೂ ಬಿಡಿಸಬಹುದು" ಎನ್ನುವುದು ಅವರ ಬಾಯಿಚಾಳಿ. ಎರಡು ಕಡೆ! ಮಿಸ್ ಕಣ್ಣಿಡತೊಡಗಿದಳು. ಮೇಷ್ಟ್ರು ವರಾಂಡದಲ್ಲಿ ಪಿಸುಮಾತಿನ ಜೊತೆ ಮಾತಾಡಿದರೆ ಹತ್ತಿರ ಹೋಗಿ ನೋಟಿಸ್ ಬೋರ್ಡ್ ಓದುವವಳಂತೆ ನಿಲ್ಲುತ್ತಿದ್ದಳು. ಇವಳನ್ನು ಕಂಡು ಮೇಷ್ಟ್ರು ಮಾತು ನಿಲ್ಲಿಸಿದರೆ ಅದೂ ಒಂದು ಪುರಾವೆ, ನಿಲ್ಲಿಸದೆ ಮುಂದುವರಿಸಿದರೆ ಎಷ್ಟು ಧೈರ್ಯ ನೋಡು ಎಂಬ ಇನ್ನೊಂದು ಪುರಾವೆ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವಳ ಬಾಯಿ ತಡೆಯಲಿಲ್ಲ.

"ಮೇಷ್ಟ್ರೇ, ನಿಮ್ಮ ಮನೇಲಿ ಲೆಕ್ಕ ಮಾತ್ರ ಹೇಳಿಕೊಡ್ತೀರೋ, ಸಂದರ್ಶನದ ಉತ್ತರಾನೂ ಹೇಳಿಕೊಡ್ತೀರೋ?"

ಮೇಷ್ಟ್ರು ಲೋಟ ಕೆಳಗಿಟ್ಟರು. "ಏನಂದ್ರಿ ಮೇಡಂ?"

"ಹೋದ ವರ್ಷ ಆ ಇನ್ನೊಂದು ಸ್ಕೂಲಿನ ಮಕ್ಕಳಿಗೇನಾಯ್ತು ಅಂತ ಮರೆತಿಲ್ಲ ತಾನೇ? ನಮ್ಮ ಮಕ್ಕಳ ಬಾಳಲ್ಲಿ ಯಾರೂ ಆಟ ಆಡಬಾರದು. ಅಷ್ಟೇ ನಾನು ಹೇಳೋದು."

ಉಳಿದವರು ಚಹಾದ ಲೋಟದೊಳಗೆ ಕಣ್ಣು ನೆಟ್ಟರು. ಯಾರೂ "ಛೆ, ಅವರು ಅಂಥವರಲ್ಲ" ಎನ್ನಲಿಲ್ಲ. ಮೇಷ್ಟ್ರ ಮುಖ ಸುಣ್ಣದಂತಾಯಿತು. "ನನಗೆ ಗೊತ್ತಿಲ್ಲ ಮೇಡಂ" ಎಂದಷ್ಟೇ ಹೇಳಿ ತರಗತಿಗೆ ಎದ್ದು ಹೋದರು. ಗಂಟೆ ಇನ್ನೂ ಹೊಡೆದಿರಲಿಲ್ಲ. ಓಡಿಹೋದವರ ನಡಿಗೆ ಅದು ಎಂದುಕೊಂಡಳು ಮಿಸ್. ಮಾತಿಗೆ ಗಟ್ಟಿ ಸಾಕ್ಷಿ ಬೇಕಲ್ಲ, ಅದಕ್ಕೆ ಅಂದು ಸಂಜೆಯೇ ಪಿಸುಮಾತಿನ ಹಿಂದೆ ಹೊರಟಳು.

ಹುಡುಗಿ ಮೇಷ್ಟ್ರ ಮನೆಯ ಕಡೆ ತಿರುಗಲೇ ಇಲ್ಲ. ಸೈಕಲ್ ರಿಪೇರಿ ಅಂಗಡಿ, ಬಟ್ಟೆ ಒಗೆಯುವ ಲಾಂಡ್ರಿ ದಾಟಿ ನೇರವಾಗಿ ರೈಲು ನಿಲ್ದಾಣಕ್ಕೆ ಹೋದಳು. ಮಿಸ್ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ತನ್ನ ವೇಷಕ್ಕೆ ತಾನೇ ನಾಚುತ್ತ ಹಿಂಬಾಲಿಸಿದಳು. ಪಾರ್ಸಲ್ ಗಾಡಿಗಳನ್ನು ನಿಲ್ಲಿಸುವ ಕೊನೆಯ ತುದಿಯಲ್ಲಿ ಒಂದು ಕಬ್ಬಿಣದ ಬೆಂಚು. ಅದರ ಸುತ್ತ ತನ್ನ ಮಕ್ಕಳು. ಗೋಲು ಕಾಯುವವನಿದ್ದ. ಯಾರ ಜೊತೆಗೂ ಸೇರದ ಗೈರುವೂ ಇದ್ದ. ಮಧ್ಯದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಒಬ್ಬ ಮನುಷ್ಯ ಬೆನ್ನು ತಿರುಗಿಸಿ ನಿಂತಿದ್ದ.

ಬೆನ್ನು ನೋಡಿಯೇ ಮಿಸ್ ಗುರುತು ಹಿಡಿದಳು. ಆ ಅಂಗಿಯ ಕಾಲರನ್ನು ತಿಕ್ಕಿ ಒಗೆದವಳು ಅವಳೇ.

ಕಂಬದ ಮರೆಗೆ ಸರಿದಳು. ಡೀಸೆಲ್ ಎಂಜಿನ್ನೊಂದು ಹೊಗೆ ಬಿಡುತ್ತ ನಿಂತಿತ್ತು. ಮೇಲಿನ ಸ್ಪೀಕರು ಬರುವ ಹೋಗುವ ರೈಲುಗಳ ಹೆಸರು ಒದರುತ್ತಿತ್ತು. ಅದೆಲ್ಲವನ್ನೂ ಮೀರಿ ಗಂಡನ ಕಂಠ ಕೇಳಿಸಿತು, ತಿಂಗಳುಗಳಿಂದ ಮನೆಯಲ್ಲಿ ಕೇಳದೇ ಇದ್ದ ಆ ತುಂಬು ಕಂಠ. "ಕಿರುಚಬೇಡ್ರೋ. ಕಿರುಚಿದ್ರೆ ಗಂಟಲು ಹರಿಯುತ್ತೆ ಅಷ್ಟೇ. ಹೊಟ್ಟೆಯಿಂದ ಬರಲಿ. ಈ ಗಲಾಟೇಲಿ ನಿಮ್ಮ ಮಾತು ಆ ಪೋರ್ಟರಿಗೆ ಕೇಳಿಸಿದ್ರೆ, ನಾಲ್ಕು ಗೋಡೆ ಮಧ್ಯೆ ನಿಮ್ಮನ್ನ ಹೆದರಿಸೋರು ಯಾರೂ ಇಲ್ಲ." ಮಕ್ಕಳು ನಕ್ಕರು. ಪಿಸುಮಾತು ಎಲ್ಲರಿಗಿಂತ ಜೋರಾಗಿ ನಕ್ಕಳು.

ಹೀಗೂ ಉಂಟೇ ಎಂದು ಮಿಸ್ ನಿಂತೇ ಇದ್ದಳು. ಮುಂದೆ ಹೋಗಿ ಜಗಳವಾಡಬೇಕೋ, ಹೆಮ್ಮೆಪಡಬೇಕೋ ತೋಚಲಿಲ್ಲ. ಅಷ್ಟರಲ್ಲಿ ಗೈರುವಿನ ಸರದಿ ಬಂತು.

"ತಗೋ, ಅವರು ಕೇಳೇ ಕೇಳ್ತಾರೆ" ಎಂದರು ಗಂಡ. "ಹತ್ತನೇ ಕ್ಲಾಸಲ್ಲಿ ಅಷ್ಟು ದಿನ ಯಾಕೆ ಬಂದಿಲ್ಲ?"

"ಹುಷಾರಿರಲಿಲ್ಲ ಸರ್."

"ಸುಳ್ಳು ಹೇಳಿದ್ರೆ ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳುತ್ತಪ್ಪ. ಕೇಳೋರಿಗೆ ಗೊತ್ತಾಗುತ್ತೆ. ಅಮ್ಮನ್ನ ನೋಡ್ಕೊಳ್ಳೋದು ನಾಚಿಕೆಪಡೋ ವಿಷಯ ಅಲ್ಲ ಕಣೋ. ಅಡುಗೆ ಮಾಡಿ, ಬಾಗಿಲ ಹತ್ರ ತಟ್ಟೆ ಇಟ್ಟು..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

ಗೈರು ಎದ್ದು ನಿಂತ. "ತಟ್ಟೆ ವಿಷಯ ನಿಮಗೆ ಯಾರು ಹೇಳಿದ್ರು?"

ಗಂಡ ಆಚೀಚೆ ನೋಡಿದರು, ಉತ್ತರ ಅಲ್ಲೇ ಎಲ್ಲಾದರೂ ಬಿದ್ದಿರಬಹುದೇನೋ ಎಂಬಂತೆ. ಹಾಗೆ ನೋಡುವಾಗ ಕಂಬದ ಪಕ್ಕ ನಿಂತಿದ್ದ ಹೆಂಡತಿ ಕಣ್ಣಿಗೆ ಬಿದ್ದಳು. ಅವರ ನೋಟ ಹಿಡಿದು ಹುಡುಗನೂ ತಿರುಗಿದ.

ಪಾಪ, ಪಿಸುಮಾತಿಗೆ ಏನೂ ತಿಳಿಯಲಿಲ್ಲ. "ಅಯ್ಯೋ ಮಿಸ್! ಇವರು ರೇಡಿಯೋ ತಾತ. ನಾನು ಇಲ್ಲಿ ಕೂತು ಒಬ್ಬಳೇ ಪ್ರಾಕ್ಟೀಸ್ ಮಾಡ್ತಿದ್ದಾಗ ಸಿಕ್ಕಿದ್ರು. ಟೀಚರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ ಅಂತ ಇವರೇ..."

"ಗೊತ್ತಮ್ಮ" ಎಂದಳು ಮಿಸ್. "ನಮ್ಮ ಮನೆಯವರು."

ಗೈರು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಅವರನ್ನು ನೋಡಿದ. ಬೈಯಲಿಲ್ಲ, ಅಳಲಿಲ್ಲ. ಗೆಳೆಯರೆಲ್ಲ ತನ್ನನ್ನೇ ನೋಡುತ್ತಿರುವುದು ಅವನಿಗೆ ಗೊತ್ತಾಯಿತು. ಬ್ಯಾಗು ಹೆಗಲಿಗೇರಿಸಿ ಮಿಸ್‌ನ ಪಕ್ಕದಿಂದಲೇ ಹಾದುಹೋಗಿ, ಹೊರಡಲು ನಿಂತಿದ್ದ ರೈಲು ಹತ್ತಿಬಿಟ್ಟ. ಅದು ಅವನ ಮನೆಯ ಕಡೆ ಹೋಗುವ ರೈಲಾಗಿರಲಿಲ್ಲ.

ಗಂಡ ಹೆಂಡತಿ ಮನೆಗೆ ನಡೆದರು. ಬಾಗಿಲು ತೆರೆದ ಮೇಲೆ ಮಿಸ್ ಸಿಡಿದಳು.

"ಕದ್ದುಮುಚ್ಚಿ ಮಾಡೋ ಅಂಥದ್ದು ಏನಿತ್ತು ರೀ? ನಿಮ್ಮಿಂದ ಇವತ್ತು ನಾನು ಒಬ್ಬ ಮನುಷ್ಯನಿಗೆ ಎಲ್ಲರೆದುರು ಮಸಿ ಬಳಿದು ಬಂದೆ!"

"ಹೇಳಿದ್ರೆ ನನ್ನ ಮಕ್ಕಳ ತಂಟೆಗೆ ಬರಬೇಡಿ ಅಂತಿದ್ದೆ."

"ಅಂತಿದ್ದೆ. ಖಂಡಿತ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ." ಅವರು ಕುರ್ಚಿಯ ತುದಿಯಲ್ಲಿ ಕೂತರು. "ದಿನಾ ಊಟಕ್ಕೆ ಕೂತಾಗ ಅವರನ್ನೆಲ್ಲ ಕರ್ಕೊಂಡು ಬರ್ತಿದ್ದೆಯಲ್ಲೇ ನೀನು. ಸ್ಟೇಷನ್ನಲ್ಲಿ ಆ ಹುಡುಗಿ ಕಂಡಾಗ ಹೊಸಬಳು ಅನ್ನಿಸಲೇ ಇಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದ್ರು. ನೋಡಿದ ತಕ್ಷಣ ಇವನು ಇಂಥವನು ಅಂತ ಗೊತ್ತಾಗ್ತಿತ್ತು. ಗೊತ್ತಿರೋದನ್ನ ಗೊತ್ತಿಲ್ಲದ ಹಾಗೆ ಇರೋಕೆ ನಂಗೆ ಬರಲ್ಲ."

ಮಿಸ್ ಊಟದ ಮೇಜಿನ ಕಡೆ ನೋಡಿದಳು. ಅವರಿಗೆ ಗೊತ್ತಿದ್ದದ್ದು ಹೇಗೆ? ಲೆಕ್ಕದ ಮೇಷ್ಟ್ರನ್ನು, ಹೊರಗಿನವರನ್ನು, ಕಟ್ಟಿಕೊಂಡ ಗಂಡನ ಅಂಗಿಯನ್ನೂ ಅನುಮಾನದಿಂದ ಮೂಸಿ ನೋಡಿದ್ದಳು. ಬಾಗಿಲು ಹಾಕಿ ಬಂದು ಕೂತ ಹುಡುಗನಿಗೆ ಇಲ್ಲಪ್ಪ ಎಂದು, ಅದೇ ರಾತ್ರಿ ಅವನ ಅಮ್ಮನ ತಟ್ಟೆಯನ್ನು ತಂದು ತನ್ನ ಊಟದ ಮೇಜಿನ ಮೇಲಿಟ್ಟವಳು ಯಾರು? ಅದು ತಪ್ಪೆಂದು ಈ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಗಂಡನಿಗೆ ಹೇಳಿದರೆ ಯಾರಿಗೋ ಹೇಳಿದ ಹಾಗೆ ಆಗುತ್ತದೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಹೇಳಿದ್ದು ನಾನೇ" ಎಂದಳು.

ಮರುದಿನ ಗೈರು ಶಾಲೆಗೆ ಬರಲಿಲ್ಲ. ಅದರ ಮರುದಿನ ಬಂದ, ಮೆಟ್ಟಿಲ ಕೆಳಗಿನ ಕೋಣೆಯ ಕಡೆ ಸುಳಿಯಲಿಲ್ಲ. ಕರೆ ಕಳಿಸಿದರೆ "ತಲೆನೋವು ಅಂತೆ ಮಿಸ್" ಎಂದು ಕರೆಯಲು ಹೋದವರೇ ವಾಪಸು ಬಂದರು. ವರಾಂಡದಲ್ಲಿ ಅಡ್ಡಗಟ್ಟಿ "ತಪ್ಪಾಯ್ತಪ್ಪ" ಎಂದಳು. ಅವನು ಅವಳ ಭುಜದ ಮೇಲಿನಿಂದ ಗೋಡೆ ನೋಡುತ್ತ ಕೇಳಿಸಿಕೊಂಡ. "ಆಯ್ತು ಮಿಸ್" ಎಂದ. ಯಾರೋ ಕಾಲು ತುಳಿದು ಕ್ಷಮೆ ಕೇಳಿದಾಗ ಹೇಳುವಂಥ ಆಯ್ತು ಅದು.

ಲೆಕ್ಕದ ಮೇಷ್ಟ್ರ ಹತ್ತಿರ ಮಿಸ್ ಸ್ಟಾಫ್ ರೂಮಿನಲ್ಲೇ, ಅದೇ ಚಹಾದ ಹೊತ್ತಿಗೆ, ಎಲ್ಲರೂ ಇರುವಾಗಲೇ ಮಾತಾಡಿದಳು. "ನಾನು ಹೇಳಿದ್ದು ಸುಳ್ಳು. ಅದು ನೀವಲ್ಲ, ನಮ್ಮ ಮನೆಯವರು. ಕ್ಷಮಿಸಬೇಕು."

ಮೇಷ್ಟ್ರು ಚಮಚ ತಿರುಗಿಸಿದರು. "ನೀವು ಹೇಳಿದ್ದಕ್ಕಲ್ಲ ಮೇಡಂ ನಂಗೆ ಬೇಜಾರಾಗಿದ್ದು. ಇಷ್ಟು ವರ್ಷದಿಂದ ಜೊತೆಗಿದ್ದೀವಿ, ಇಲ್ಲಿ ಕೂತಿರೋ ಒಬ್ಬರೂ ಹಾಗಿರಲಾರದು ಅನ್ನಲಿಲ್ಲವಲ್ಲ. ಅದಕ್ಕೆ."

ಈಗಲೂ ಎಲ್ಲರೂ ಲೋಟದೊಳಗೇ ನೋಡುತ್ತಿದ್ದರು.

"ಇನ್ನೊಂದು ಕೇಳ್ಬೇಕಿತ್ತು" ಎಂದಳು ಮಿಸ್. "ಗೈರು... ಆ ಹುಡುಗನ ಅರ್ಜಿ ನೀವು ನೋಡ್ಕೋತೀರಾ? ನನ್ನ ಹತ್ರ ಬರಲ್ಲ ಅವನು."

"ನಿನ್ನೇನೇ ಬಂದಿದ್ದ. ಲೆಕ್ಕ, ಅರ್ಜಿ ಎರಡೇ ಸರ್, ಬೇರೇನೂ ಕೇಳ್ಬಾರದು ಅಂದ. ನಾನೂ ಕೇಳಿಲ್ಲ."

ಮನೆಯಲ್ಲಿ ಊಟದ ಮೇಜು ಖಾಲಿಯಾಯಿತು. ಮಕ್ಕಳ ಮಾತು ಬಿಟ್ಟರೆ ತಮ್ಮಿಬ್ಬರ ನಡುವೆ ಆಡಲು ಬೇರೆ ಮಾತು ಎಷ್ಟು ಕಡಿಮೆ ಉಳಿದಿದೆ ಎಂದು ಮಿಸ್‌ಗೆ ತಿಳಿದು ಹೆದರಿಕೆಯಾಯಿತು. ಕೆಲವು ದಿನ ತೊಟ್ಟಿಕ್ಕುವ ನಲ್ಲಿಯ ಬಗ್ಗೆ ಮಾತಾಡಿದರು. ಆಮೇಲೊಂದು ದಿನ ಗಂಡ ತಾವಾಗಿಯೇ ಸುದ್ದಿ ಓದುತ್ತಿದ್ದ ಕಾಲದ ಒಂದು ಫಜೀತಿ ಹೇಳಿದರು, ಬಿಕ್ಕಳಿಕೆ ಬಂದು ಮಂತ್ರಿಯೊಬ್ಬರ ಹೆಸರನ್ನು ಮೂರು ತುಂಡು ಮಾಡಿ ಓದಿದ್ದು. ಇಷ್ಟು ವರ್ಷ ಅವಳು ಕೇಳಿರದ ಕಥೆ. ಹೇಳಲು ಅವರಿಗೆ ಸಂದು ಸಿಕ್ಕಿದ್ದರಲ್ಲವೇ!

ಅವರು ರೈಲ್ವೇ ಸ್ಟೇಷನ್ನಿಗೆ ಹೋಗುವುದನ್ನು ನಿಲ್ಲಿಸಿದ್ದರು. ಪಿಸುಮಾತು ಬಂದು, ಕಿವಿಗೆ ಸ್ಪಷ್ಟವಾಗಿ ಬೀಳುವಂತೆ, "ತಾತ ಬೇಕು ಮಿಸ್" ಎಂದಳು. ಪ್ರಿನ್ಸಿಪಾಲರನ್ನು ಕೇಳಿ, ಒಪ್ಪಿಸಿ, ಮಿಸ್ ಗಂಡನನ್ನು ಶಾಲೆಗೇ ಕರೆತಂದಳು. ಉಸಿರು, ದನಿ ಅವರದು, ಏನು ಹೇಳಬೇಕೆನ್ನುವುದು ಮಕ್ಕಳದು ಎಂಬ ಕರಾರಿನ ಮೇಲೆ. ಅವರು ಹೇಳಿಕೊಟ್ಟಿದ್ದ ಎರಡು ಕಡೆಯಿಂದ ನೋಡುವುದಕ್ಕೆ ನಿಷೇಧ ಬಿತ್ತು.

ಮುಂದಿನ ವರ್ಷ ಅರ್ಜಿಗಳು ಹೋದವು, ಸಂದರ್ಶನಗಳಾದವು. ಪಿಸುಮಾತಿಗೆ ಬಯಸಿದ ಕಾಲೇಜೇ ಸಿಕ್ಕಿತು. ಗೋಲು ಕಾಯುವವನಿಗೆ ಮೂರನೆಯ ಆಯ್ಕೆಯ ಕಾಲೇಜು ದಕ್ಕಿತು. ಗೈರುವಿಗೆ ಸೀಟು ಸಿಕ್ಕಿದ್ದು ಮಿಸ್‌ಗೆ ಲೆಕ್ಕದ ಮೇಷ್ಟ್ರಿಂದ ತಿಳಿಯಿತು.

"ಗೈರುಹಾಜರಿ ಕೇಳಿದ್ರಂತಾ?"

"ಕೇಳಿದ್ರಂತೆ. ಮನೆ ವಿಷಯ, ಹೇಳೋಕೆ ಇಷ್ಟ ಇಲ್ಲ ಅಂದನಂತೆ. ಅವರೂ ಮುಂದಿನ ಪ್ರಶ್ನೆಗೆ ಹೋದ್ರಂತೆ."

ಅಷ್ಟೇ ಸಾಕಾಗಿತ್ತು ಅವರಿಗೆ. ಬೆನ್ನು ಹತ್ತಿದ್ದವಳು ತಾನೊಬ್ಬಳೇ.

ಹೊಸ ವರ್ಷದ ಹನ್ನೊಂದನೆಯ ತರಗತಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಕಡ್ಡಿಯಂಥ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆದರೆ ಕುರ್ಚಿಯ ತುದಿಯಲ್ಲಷ್ಟೇ ಕೂತಳು. ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದಳು. ಆ ಹುಬ್ಬು, ಗೋಡೆ ನೋಡುವ ಆ ಕಣ್ಣು ಎಲ್ಲೋ ಕಂಡದ್ದು ಎನ್ನಿಸಿತು. ಹೆಸರಿನ ಮುಂದೆ ಮನೆಯ ವಿಳಾಸ ಓದಿದಾಗ ಮಿಸ್‌ಗೆ ತಿಳಿಯಿತು. ತನಗೊಬ್ಬ ತಂಗಿ ಇದ್ದಾಳೆಂದು ಗೈರು ಬಾಗಿಲು ಹಾಕಿ ಬಂದು ಕೂತ ದಿನವೂ ಹೇಳಿರಲಿಲ್ಲ.

"ಅಣ್ಣ ಕಳಿಸಿದ್ನಾ?"

"ಹೂಂ." ಹುಡುಗಿ, ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ವಾಸಿ ಎಂದು ನಿರ್ಧರಿಸಿದವಳಂತೆ, "ಕಾಲೇಜಿನ ವಿಷಯ ಮಿಸ್‌ಗೆ ಚೆನ್ನಾಗಿ ಗೊತ್ತು, ಅದನ್ನ ಕೇಳು, ಮನೆ ವಿಷಯ ಮಾತ್ರ ಒಂದಕ್ಷರ ಬಾಯಿಬಿಡಬೇಡ ಅಂದಿದ್ದಾನೆ" ಎಂದಳು.

"ಸರಿಯಾಗಿಯೇ ಹೇಳಿದ್ದಾನೆ" ಎಂದಳು ಮಿಸ್. "ಹಾಗೇ ಮಾಡು. ನಿನಗೆ ಏನು ಓದೋಕೆ ಇಷ್ಟ? ಅಲ್ಲಿಂದ ಶುರು ಮಾಡೋಣ."

ಹುಡುಗಿ ಅವಳ ಮುಖವನ್ನು ನೋಡಿದಳು. ಇದೂ ಮನೆ ವಿಷಯಕ್ಕೆ ಸೇರುತ್ತದೋ ಇಲ್ಲವೋ ಎಂದು ಒಳಗೊಳಗೇ ತೂಗಿ ನೋಡುತ್ತಿದ್ದಳು. ಮಿಸ್ ಕಾದಳು. ಗಂಟೆ ಹೊಡೆದು, ಇಡೀ ಶಾಲೆ ತಲೆಯ ಮೇಲೆ ಇಳಿದು ಹೋಯಿತು.

"ಗಿಡಗಳು" ಎಂದಳು ಹುಡುಗಿ ಕೊನೆಗೆ.